ಸೀಟು ತಗ್ಗಿದ ಕತೆ

ಖಾನಾಪುರ ದಾಟಿ ಲೋಂಡಾ ಕಡೆ ಹೊರಟರೆ ಗುಂಜಿ ಸಿಗುತ್ತದೆ. ಹೋಬಳಿ ಊರು, ಬೆಳಗಾವಿ–ಲೋಂಡಾ ಹಳಿಯ ಮೇಲೊಂದು ಸಣ್ಣ ನಿಲ್ದಾಣ, ಸುತ್ತ ಘಟ್ಟದ ಕಾಡು, ಏರಿಳಿತದ ದಾರಿಗಳು. ಈ ಭಾಗದ ರಸ್ತೆಗಳಲ್ಲಿ ಎರಡು ಬಗೆಯ ಸೈಕಲ್ ಸವಾರರು ಕಾಣುತ್ತಾರೆ. ಭಾನುವಾರ ಬೆಳಗಾವಿಯಿಂದ ಹೆಲ್ಮೆಟ್ಟು ಹಾಕಿಕೊಂಡು ಬರುವವರ ಗೇರ್ ಸೈಕಲ್ಲುಗಳಲ್ಲಿ ಸೀಟು ಹ್ಯಾಂಡಲ್ಲಿಗಿಂತ ಮೇಲಿರುತ್ತದೆ. ಉಳಿದ ಆರು ದಿನ ಶಾಲೆಗೋ ಗದ್ದೆಗೋ ಹಾಲಿನ ಡೇರಿಗೋ ಹೋಗುವವರ ಸೈಕಲ್ಲಿನಲ್ಲಿ ಸೀಟು ಪೈಪಿನೊಳಕ್ಕೆ ಇಳಿದು ಕೂತಿರುತ್ತದೆ. ಪೆಡಲ್ ಮೇಲೆ ಬಂದಾಗ ಮೊಣಕಾಲು ಹೊಟ್ಟೆಗೆ ತಾಗುವಷ್ಟು ಮಡಚಿಕೊಳ್ಳುತ್ತದೆ. ಮೊಣಕಾಲು ನೋವು ಇಬ್ಬರಿಗೂ ಬರುತ್ತದೆ. ಮೊದಲಿನವರಿಗೆ ದೊಡ್ಡ ನಗರಗಳಲ್ಲಿ, ಸವಾರನ ಮೈಗೆ ಸೈಕಲ್ಲನ್ನು ಹೊಂದಿಸಿಕೊಡುವ 'ಬೈಕ್ ಫಿಟ್' ಎಂಬ ಚಿಕಿತ್ಸೆಯಿದೆ. ಎರಡನೆಯವರಿಗೆ ಸಿಗುವುದು 'ಸೈಕಲ್ ಹೊಡೆದು ಹೊಡೆದು ಮೊಣಕಾಲು ಸವೆದಿದೆ' ಎಂಬ ಮಾತು. ಆದರೆ ದಿನಬಳಕೆಯ ಸೈಕಲ್ಲಿನ ಸೀಟು ತಗ್ಗಿರುವುದು ಸವಾರನ ಕಾಲು ಕೇಳಿದ್ದಕ್ಕಲ್ಲ. ಅದಕ್ಕೆ ಬೇರೆ ಕಾರಣಗಳಿವೆ, ಅವಕ್ಕೊಂದು ಚರಿತ್ರೆಯೂ ಇದೆ.

ಮಜಾ ಎಂದರೆ, ಕಾಲಿನ ಅಳತೆ ಮೊದಲು ಸೈಕಲ್ಲಿನಲ್ಲೇ ಇತ್ತು. 1870ರ ದಶಕದ ಎತ್ತರದ ಚಕ್ರದ ಸೈಕಲ್ಲಿಗೆ ಚೈನಿರಲಿಲ್ಲ. ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಅಂಟಿತ್ತು. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ದೂರ ಹೆಚ್ಚು. ಹಾಗಾಗಿ ಸವಾರ ತನ್ನ ಕಾಲು ಎಟುಕುವಷ್ಟು ದೊಡ್ಡ ಚಕ್ರವನ್ನೇ ಕೊಳ್ಳುತ್ತಿದ್ದ. ಒಬ್ಬನ ಸೈಕಲ್ ಇನ್ನೊಬ್ಬನಿಗೆ ಒಗ್ಗುವಂತಿರಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂದಾಗ ಚೈನು ಈ ನಂಟನ್ನು ಕಡಿಯಿತು. ಚಕ್ರ ಎಲ್ಲರಿಗೂ ಒಂದೇ. ಕಾಲಿನ ವ್ಯತ್ಯಾಸ ಹೊರುವ ಕೆಲಸ ಮೇಲೆ ಕೆಳಗೆ ಜಾರುವ ಒಂದು ಸೀಟ್ ಪೈಪಿಗೆ, ಅದನ್ನು ಹಿಡಿದ ಒಂದು ಬೋಲ್ಟಿಗೆ ಬಿತ್ತು. ಸೈಕಲ್ಲು ಅಗ್ಗವಾಗಿ ಜಗತ್ತಿಗೆಲ್ಲ ಹರಡಲು ಇದೂ ಒಂದು ಕಾರಣ. ಆದರೆ ಬೋಲ್ಟನ್ನು ಯಾರು, ಯಾವ ಲೆಕ್ಕದಲ್ಲಿ ತಿರುಗಿಸಬೇಕು ಎಂಬುದು ಸೈಕಲ್ಲಿನ ಜೊತೆ ಬರಲಿಲ್ಲ. ನಮ್ಮಲ್ಲಿಗೆ ಬಂದದ್ದು ಇಂಗ್ಲೆಂಡಿನ ರೋಡ್‌ಸ್ಟರ್, 28 ಇಂಚಿನ ಚಕ್ರದ ಕರಿ ಸೈಕಲ್. ಸ್ವಾತಂತ್ರ್ಯದ ನಂತರ ಮದ್ರಾಸಿನ ಟಿಐ (1949), ಸೋನಿಪತ್‌ನ ಅಟ್ಲಾಸ್ (1951), ಲುಧಿಯಾನಾದ ಹೀರೋ (1956) ಅದೇ ಮಾದರಿಯನ್ನು ಲಕ್ಷಗಟ್ಟಲೆ ತಯಾರಿಸಿದವು. ಬೆಳೆದ ಗಂಡಸಿನ ಅಳತೆಗೆ ಮಾಡಿದ ಆ ಗಾಡಿಯನ್ನು ಮನೆಯವರೆಲ್ಲ ಹೊಡೆದರು. ಸೀಟು ಎಟುಕದ ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತರು. ಸೈಕಲ್ಲು ಅಪ್ಪನದಾಗಿ, ಅಣ್ಣನದಾಗಿ, ತಂಗಿಯದೂ ಆದಾಗ ಸೀಟು ಎಲ್ಲಿ ನಿಲ್ಲಬೇಕು? ಎಲ್ಲರಿಗೂ ಆಗುವಷ್ಟು ಕೆಳಗೆ.

ಸೀಟು ತಗ್ಗಲು ಇನ್ನೊಂದು ಕಾರಣ ಬೀಳುವ ಭಯ, ಬ್ರೇಕಿನ ಮೇಲಿನ ಅಪನಂಬಿಕೆ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಬೇಕು ಎಂಬುದು ನಮ್ಮಲ್ಲಿ ಸೀಟಿನ ಎತ್ತರ ನೋಡುವ ಕ್ರಮ. ಇದು ನಿಲ್ಲುವುದಕ್ಕೆ ಸರಿ, ತುಳಿಯುವುದಕ್ಕೆ ಅಲ್ಲ. ಲೆಕ್ಕ ಹಾಕಿ ನೋಡಬಹುದು. ತೊಡೆಸಂದಿಯಿಂದ ನೆಲದವರೆಗೆ 75 ಸೆಂ.ಮೀ. ಇರುವವರಿಗೆ, ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್ ಬಳಸಿ ಅಮೆರಿಕದ ರೇಸ್ ಸವಾರ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ 0.883ರ ಗುಣಾಕಾರ ಹಿಡಿದರೆ, ಪೆಡಲುಗಳು ಸುತ್ತುವ ನಡುಗುಂಬದಿಂದ ಸೀಟಿನ ನೆತ್ತಿಗೆ 66 ಸೆಂ.ಮೀ. ಬರುತ್ತದೆ. ಗುಂಬವೇ ನೆಲದಿಂದ 28 ಸೆಂ.ಮೀ.ಯಷ್ಟು ಮೇಲಿರುವುದರಿಂದ, ಪೈಪಿನ ಓರೆ ಕಳೆದರೂ ಸೀಟು ನೆಲದಿಂದ ಸುಮಾರು 90 ಸೆಂ.ಮೀ. ಎತ್ತರದಲ್ಲಿರಬೇಕು. ಪಾದ ಪೂರ್ತಿ ಊರಬೇಕೆಂದರೆ 75ಕ್ಕೇ ನಿಲ್ಲಬೇಕು. ಸುಮಾರು 15 ಸೆಂ.ಮೀ.ಯ ಈ ಅಂತರವನ್ನು ಪ್ರತಿ ಸುತ್ತಿನಲ್ಲೂ ಮೊಣಕಾಲು ತುಂಬಿಕೊಡುತ್ತದೆ. ಮಡಚು ಹೆಚ್ಚಾದಷ್ಟೂ ಮೊಣಕಾಲ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುವ ಬಲ ಹೆಚ್ಚು. ಅದರಿಂದಲೇ ಚಿಪ್ಪಿನ ಸುತ್ತ, ಮುಂಭಾಗದಲ್ಲಿ ನೋವು. ಸೀಟು ಅತಿ ಎತ್ತರವಾದರೆ ನೋವು ಮೊಣಕಾಲ ಹಿಂದಕ್ಕೆ ಹೋಗುತ್ತದೆ, ಸೊಂಟ ಆಚೀಚೆ ತೂಗುತ್ತದೆ. ನೋವು ಮುಂದೆಯೋ ಹಿಂದೆಯೋ ಎಂದು ಕೇಳಿಯೇ ಸೀಟು ಯಾವ ಕಡೆ ತಪ್ಪಿದೆ ಎಂದು ಅರ್ಧ ಹೇಳಿಬಿಡಬಹುದು.

ಈ ತಿಳಿವಳಿಕೆ ಬಂದದ್ದು ರೇಸಿನಿಂದ. 1967ರಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಹ್ಯಾಮ್ಲಿ ಮತ್ತು ಥಾಮಸ್, ತಳಕ್ಕಿಳಿದ ಪೆಡಲಿನಿಂದ ಅಳೆದು ಒಳಗಾಲಿನ ಅಳತೆಯ ಶೇ. 109ರಷ್ಟು ಎತ್ತರದಲ್ಲಿ ಕೂತರೆ ಸವಾರ ಹೆಚ್ಚು ಕೆಲಸ ತೆಗೆಯಬಲ್ಲ ಎಂದು ತೋರಿಸಿದರು. ಅವರು ಅಳೆದದ್ದು ಶಕ್ತಿಯನ್ನು, ನೋವನ್ನಲ್ಲ. ನೋವಿನ ಪ್ರಶ್ನೆ ಎದ್ದದ್ದು ದೊಡ್ಡ ಸವಾರರ ಮೊಣಕಾಲು ಕೈಕೊಟ್ಟ ಮೇಲೆ. 1980ರ ಟೂರ್ ದ ಫ್ರಾನ್ಸ್‌ನಲ್ಲಿ ಹಳದಿ ಜರ್ಸಿಯಲ್ಲಿದ್ದ ಬರ್ನಾರ್ ಇನೋ ಮೊಣಕಾಲು ನೋವಿನಿಂದಲೇ ಸ್ಪರ್ಧೆ ಬಿಟ್ಟ. 1994ರಲ್ಲಿ ಹೋಮ್ಸ್, ಪ್ರುಯಿಟ್ ಮತ್ತು ವೇಲನ್, ಪೆಡಲ್ ತಳದಲ್ಲಿದ್ದಾಗ ಮೊಣಕಾಲಿನ ಮಡಚು 25ರಿಂದ 35 ಡಿಗ್ರಿಯೊಳಗಿರಲಿ ಎಂದರು. ಇಂದಿನ ಕ್ಯಾಮೆರಾ, ಸೆನ್ಸರುಗಳ ಬೈಕ್ ಫಿಟ್ ಬಹುಮಟ್ಟಿಗೆ ಈ ಕೋನದ ಸುತ್ತ ಬೆಳೆದ ವ್ಯಾಪಾರ. ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯಲ್ಲಿ, ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗೆ ಸೀಟಿನ ಎತ್ತರ ಪಾಠದ ಭಾಗ. ಅದೇ ವಯಸ್ಸಿನ ಗುಂಜಿಯ ಮಕ್ಕಳಿಗೆ ಅಲ್ಲ.

ಅವರಿಗೆ ಸೈಕಲ್ಲಂತೂ ಬಂತು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ಬರುವವರೆಗೂ ಅದು ನಡೆಯಿತು. ಕಾಡಂಚಿನ ಹಳ್ಳಿಗಳಿಂದ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳನ್ನು ಪ್ರೌಢಶಾಲೆಯ ಬಾಗಿಲಿಗೆ ತಂದ ಯೋಜನೆಯದು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅಳತೆಯದು. ಹುಡುಗರದೊಂದು ಮಾದರಿ, ಹುಡುಗಿಯರದೊಂದು. ಎಂಟನೇ ತರಗತಿಯಲ್ಲಿ ಕೈಗೆ ಬಂದ ಸೈಕಲ್ಲನ್ನು ಹತ್ತನೇ ತರಗತಿಯವರೆಗೆ ಹೊಡೆಯಬೇಕಿತ್ತು. ಕಾಲು, ಅದರಲ್ಲೂ ಹುಡುಗರದು, ವೇಗವಾಗಿ ಬೆಳೆಯುವ ವರ್ಷಗಳಿವು. ಮೊದಲ ದಿನ ಸರಿಯಿದ್ದ ಸೀಟು ವರ್ಷದೊಳಗೆ ತಗ್ಗಾಗುತ್ತದೆ. ಏರಿಸೋಣವೆಂದು ಪಾನಾ ಹಿಡಿದರೆ ಖಾನಾಪುರದ ಮಳೆ ಅಡ್ಡ ಬರುತ್ತದೆ. ಉಕ್ಕಿನ ಪೈಪು ಉಕ್ಕಿನ ಕೊಳವೆಯೊಳಗೆ ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಒಂದೇ ತುಂಡಾಗಿಬಿಡುತ್ತದೆ. ಬೋಲ್ಟು ಸಡಿಲವಾದರೂ ಸೀಟು ಅಲುಗುವುದಿಲ್ಲ. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಸೀಟನ್ನು ಎಡಬಲಕ್ಕೆ ತಿರುಚಿ ಬಿಡಿಸಬೇಕು. ಹೊಸದರಲ್ಲೇ ಪೈಪಿಗೆ ಗ್ರೀಸ್ ಸವರಿದ್ದರೆ ಈ ಪಾಡಿಲ್ಲ.

ಸೀಟು ಏರಿಸಬೇಕು ಎಂಬ ಮಾತಿಗೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಪುರಾವೆ ಎಷ್ಟು ಗಟ್ಟಿ ಎಂಬುದು ಮೊದಲನೆಯದು. 2011ರಲ್ಲಿ ಸಂಶೋಧಕ ಬಿನಿ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಸೀಟಿನ ಎತ್ತರಕ್ಕೂ ಮೊಣಕಾಲ ಗಾಯಕ್ಕೂ ಇರುವ ಸಂಬಂಧದ ಬಗ್ಗೆ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದಿದ್ದಾರೆ. 2010ರ ಇನ್ನೊಂದು ಅಧ್ಯಯನದಲ್ಲಿ 109 ವೃತ್ತಿಪರ ಸವಾರರ ಪೈಕಿ ಶೇ. 36ರಷ್ಟು ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಮೊಣಕಾಲ ಮುಂಭಾಗದ ನೋವು ಬಂದಿತ್ತು. ಫಿಟ್ ವಿಷಯದಲ್ಲಿ ಅವರಿಗೇನು ಕೊರತೆ? ನಿಜ. ಆದರೆ ಅವರು ವರ್ಷಕ್ಕೆ ಸಾವಿರಾರು ಕಿಲೋಮೀಟರ್ ತುಳಿಯುವವರು, ಅವರ ಸೀಟಿನ ತಪ್ಪು ಮಿಲಿಮೀಟರುಗಳಲ್ಲಿ. ಗುಂಜಿ ರಸ್ತೆಯ ತಪ್ಪು ಸೆಂಟಿಮೀಟರುಗಳಲ್ಲಿ. ಸಣ್ಣ ತಿದ್ದುಪಡಿಯಿಂದ ಲಾಭ ಅನುಮಾನ ಎಂಬುದರಿಂದ ದೊಡ್ಡ ತಪ್ಪನ್ನು ತಿದ್ದಬಾರದು ಎಂದು ಹೊರಡುವುದಿಲ್ಲ. ಬಿನಿ ತಂಡವೂ ಕೊನೆಗೆ ಶಿಫಾರಸು ಮಾಡಿದ್ದು 25–30 ಡಿಗ್ರಿಯನ್ನೇ.

ಸುರಕ್ಷತೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಲಾರಿಗಳ ರಸ್ತೆಯಲ್ಲಿ, ಒದ್ದೆ ಮಣ್ಣಿನ ಅಂಚಿನಲ್ಲಿ, ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡವನಿಗೆ ಕಾಲು ನೆಲಕ್ಕೆ ಸಿಗಲೇಬೇಕು. ಕಲಿಯುವ ಮಗುವಿಗೂ ಹಾಗೆಯೇ. ಆದರೆ ಕಲಿತವರು ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯಬಹುದು. ಅದು ಒಂದು ವಾರದ ಅಭ್ಯಾಸ. ಭಾರ ಹೊರುವವರು ತುದಿಬೆರಳು ತಾಗುವಷ್ಟಕ್ಕೆ ಏರಿಸಿ ರಾಜಿಯಾಗಬಹುದು, ಅದರಲ್ಲೂ ಅರ್ಧ ಲಾಭವಿದೆ. ಇನ್ನು ಏರು. ಮುಂದೆ 44, ಹಿಂದೆ 18 ಹಲ್ಲಿನ ಒಂದೇ ಗೇರಿನಲ್ಲಿ ಘಟ್ಟದ ಏರನ್ನು ಕೂತೇ ತುಳಿದರೆ ಸೀಟು ಎಲ್ಲಿದ್ದರೂ ಮೊಣಕಾಲು ಹೇಳಿದ ಮಾತು ಕೇಳದು. ಇಳಿದು ತಳ್ಳುವ ಹಳ್ಳಿಯ ಹಿರಿಯರು ಈ ವಿಷಯದಲ್ಲಿ ಭಾನುವಾರದ ಸವಾರರಿಗಿಂತ ಬುದ್ಧಿವಂತರು.

ಎತ್ತರ ನೋಡಲು ಸ್ಟುಡಿಯೋ ಬೇಕಿಲ್ಲ. ಗೋಡೆಗೆ ಕೈಕೊಟ್ಟು ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ತಳಕ್ಕೆ ತುಳಿದಾಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಬೇಕಾದ ಮಡಚು ತಾನಾಗಿ ಬರುತ್ತದೆ. ಬಹಳ ತಗ್ಗಿದ್ದರೆ ಒಮ್ಮೆಲೇ ಏರಿಸದೆ ವಾರಕ್ಕೊಂದು ಬೆರಳಿನಷ್ಟು ಏರಿಸುವುದು ಒಳ್ಳೆಯದು. ಆದರೆ ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಪೈಪಿನ ಮೇಲೆ ಹಾಕಿರುವ ಗೆರೆ ಹೊರಗೆ ಕಾಣಬಾರದು. ಬೆಳೆಯುವ ಮಕ್ಕಳಲ್ಲಿ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿ ನೋಯುವುದುಂಟು, ಆಸ್‌ಗುಡ್–ಶ್ಲಾಟರ್ ಎಂಬ ತೊಂದರೆ. ಅದನ್ನು ಹಾಗೂ ಬಾವು ಬಂದ, ಸಿಕ್ಕಿಕೊಳ್ಳುವ ಮೊಣಕಾಲನ್ನು ವೈದ್ಯರೇ ನೋಡಬೇಕು. ಪಾನಾದಿಂದ ಆಗದ ಇನ್ನೊಂದು ಕೆಲಸವೂ ಇದೆ: ಗಿಡ್ಡ ಕಾಲಿನ ಮಗುವಿಗೆ ದೊಡ್ಡವರ 165–170 ಮಿ.ಮೀ. ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು) ಕೊಟ್ಟರೆ ಸೀಟು ಸರಿಯಿದ್ದರೂ ಪೆಡಲ್ ಮೇಲೆ ಬಂದಾಗ ಮೊಣಕಾಲು ಅತಿಯಾಗಿ ಮಡಚುತ್ತದೆ. ಉಚಿತ ಸೈಕಲ್ ಮತ್ತೆ ಬರುವುದಾದರೆ ಟೆಂಡರಿನಲ್ಲಿ ಎರಡು ಅಳತೆಯ ಫ್ರೇಮು, ಚಿಕ್ಕದಕ್ಕೆ ಚಿಕ್ಕ ಕ್ರ್ಯಾಂಕ್ ಎಂದು ಬರೆಯಬೇಕು. ದೈಹಿಕ ಶಿಕ್ಷಕರ ಕೈಗೊಂದು ಪಾನಾ ಕೊಟ್ಟು, ಜೂನ್‌ನಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮಕ್ಕಳ ಸೀಟು ನೋಡಿ ಎನ್ನಬೇಕು.