ಆಟಿಕೆಗಳೂ ಅವುಗಳ ಜಾಹೀರಾತುಗಳೂ

ಆಟವೇ ಮಗುವಿನ ಮೊದಲನೆಯ ಪಾಠವೆಂಬುದನ್ನು ತಾಯಿತಂದೆಗಳು ಬಲ್ಲರು. ಆದರೆ ಯಾವ ಆಟಿಕೆಯು ಯಾರ ಕೈ ಸೇರಬೇಕೆಂಬುದನ್ನು ಅನೇಕ ವೇಳೆ ನಿರ್ಣಯಿಸಿದವರು ತಾಯಿತಂದೆಗಳೂ ಅಲ್ಲ, ಮಕ್ಕಳೂ ಅಲ್ಲ; ಅದನ್ನು ಮಾರುವ ವರ್ತಕರು. ಪರದೇಶಗಳ ಕೆಲವು ಹಳೆಯ ಆಟಿಕೆಗಳ ಚರಿತ್ರೆಯಿಂದ ಇದನ್ನು ವಿವರಿಸಲು ಇಚ್ಛಿಸುತ್ತೇವೆ.

ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ಫ್ರ್ಯಾಂಕ್ ಹಾರ್ನ್‌ಬಿ ಎಂಬವರು ತಮ್ಮ ಗಂಡುಮಕ್ಕಳಿಗಾಗಿ ಲೋಹದ ಪಟ್ಟಿಗಳನ್ನು ಕತ್ತರಿಸಿ, ಅರ್ಧ ಅಂಗುಲಕ್ಕೊಂದರಂತೆ ರಂಧ್ರಗಳನ್ನು ಕೊರೆದರು. ಇವನ್ನು ತಿರುಪುಗಳಿಂದ ಜೋಡಿಸಿದರೆ ಸೇತುವೆಯಾಗುವುದು. ಬಿಚ್ಚಿ ಪುನಃ ಜೋಡಿಸಿದರೆ ಭಾರವೆತ್ತುವ ಯಂತ್ರವಾಗುವುದು. 1901ರಲ್ಲಿ ಪೇಟೆಂಟ್ ಪಡೆದ ಈ ಆಟಿಕೆಗೆ 1907ರಲ್ಲಿ ಮೆಕ್ಯಾನೊ ಎಂಬ ಹೆಸರಾಯಿತು. 1916ರಲ್ಲಿ ಅದರದೇ ಹೆಸರಿನ ಪತ್ರಿಕೆಯೊಂದು ಹೊರಟಿತು. ಓದುವವರಿಗೆ ಅದು ಪತ್ರಿಕೆ, ಕಂಪನಿಗೆ ಜಾಹೀರಾತು. ಅಮೆರಿಕದಲ್ಲಿ ಎ. ಸಿ. ಗಿಲ್ಬರ್ಟ್ ಎಂಬವರು 1913ರಲ್ಲಿ ಇರೆಕ್ಟರ್ ಎಂಬ ಇಂತಹದೇ ಆಟಿಕೆಯನ್ನು ಮಾರಾಟಕ್ಕಿಟ್ಟರು. ಎರಡೂ ಕಂಪನಿಗಳ ಪ್ರಕಟಣೆಗಳು ಕರೆದು ಮಾತನಾಡಿಸುತ್ತಿದ್ದುದು ಹುಡುಗರನ್ನೇ.

ಪಟ್ಟಿಗಾಗಲಿ ತಿರುಪಿಗಾಗಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಭೇದವಿದ್ದುದು ಅಚ್ಚಾದ ಮಾತಿನಲ್ಲಿಯೂ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿಯೂ. ಹುಡುಗಿಯರ ಪಾಲಿಗೆ ಬೊಂಬೆಗಳೂ ಪುಟ್ಟ ಒಲೆಗಳೂ ಬಂದವು. ಬೊಂಬೆಯನ್ನು ನಾವು ಹಳಿಯುವುದಿಲ್ಲ. ಪ್ರೀತಿಯಿಂದ ಸಲಹುವ ಅಭ್ಯಾಸವು ಗಂಡುಮಕ್ಕಳಿಗೂ ಒಳ್ಳೆಯದೇ. ಆದರೆ ಅದೊಂದೇ ಬಾಗಿಲನ್ನು ತೆರೆದಿಟ್ಟು ಉಳಿದವನ್ನು ಮುಚ್ಚುವುದು ಅನ್ಯಾಯವಲ್ಲವೇ?

1950ರ ದಶಕದಲ್ಲಿ ಕೆಲವು ಕಂಪನಿಗಳು ಹುಡುಗಿಯರನ್ನೂ ನೆನೆದವು. ಗಿಲ್ಬರ್ಟ್ ಕಂಪನಿಯು ಅವರಿಗೆಂದು ಗುಲಾಬಿ ಬಣ್ಣದ ಪೆಟ್ಟಿಗೆಯೊಂದನ್ನು ಹೊರತಂದಿತು. ಅದರ ಹೆಸರಿನಲ್ಲಿ ಹುಡುಗಿಯು ಪ್ರಯೋಗಶಾಲೆಯ ತಂತ್ರಜ್ಞೆಯಾದಳೇ ಹೊರತು ವಿಜ್ಞಾನಿಯಾಗಲಿಲ್ಲ. ಲಯನೆಲ್ ಕಂಪನಿಯು 1957ರಲ್ಲಿ ಹುಡುಗಿಯರಿಗಾಗಿ ಗುಲಾಬಿ ಬಣ್ಣದ ರೈಲು ಎಂಜಿನನ್ನು ಮಾಡಿತು. ಅದು ಸರಿಯಾಗಿ ಮಾರಾಟವಾಗಲಿಲ್ಲ. ರೈಲನ್ನು ಬಯಸುವ ಹುಡುಗಿಗೆ ಬೇಕಾದುದು ನಿಜವಾದ ರೈಲಿನಂತಿರುವ ರೈಲು ಎಂದು ನಮಗೆ ತೋರುತ್ತದೆ.

ಅಷ್ಟರಲ್ಲಿ ಜಾಹೀರಾತಿನ ರೀತಿಯೇ ಬದಲಾಯಿಸಿತು. 1952ರಲ್ಲಿ ಮಿಸ್ಟರ್ ಪೊಟೇಟೊ ಹೆಡ್ ಎಂಬ ಆಟಿಕೆಯು ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡಿತು. 1955ರಲ್ಲಿ ಮ್ಯಾಟೆಲ್ ಕಂಪನಿಯು ಮಕ್ಕಳ ಕಾರ್ಯಕ್ರಮವೊಂದಕ್ಕೆ ಇಡೀ ವರ್ಷದ ಹಣವನ್ನು ಕೊಟ್ಟು ಪ್ರಚಾರ ಮಾಡಿತು. ಅದುವರೆಗೆ ಮುಖ್ಯವಾಗಿ ಕ್ರಿಸ್ಮಸ್ ಸಮೀಪಿಸಿದಾಗ ಕೇಳಿಬರುತ್ತಿದ್ದ ವರ್ತಕನ ದನಿಯು ಅಂದಿನಿಂದ ವರ್ಷವಿಡೀ ನೇರವಾಗಿ ಮಗುವಿನ ಕಿವಿಗೆ ಬೀಳತೊಡಗಿತು. ಮಗುವಿಗೆ ಕಥೆ ಯಾವುದು, ವ್ಯಾಪಾರ ಯಾವುದು ಎಂಬ ವಿವೇಚನೆ ಸುಲಭವಾಗಿ ಬಾರದು. ಆದಕಾರಣ ಸ್ವೀಡನ್ ದೇಶವು 1991ರಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ಟೆಲಿವಿಷನ್ ಜಾಹೀರಾತುಗಳನ್ನು ನಿಷೇಧಿಸಿತು.

ಈ ಶಾಲೆಯಿಂದ ಹೊರಟು ಈಗ ತಾಯಂದಿರಾಗಿರುವ ನಮ್ಮ ವಿದ್ಯಾರ್ಥಿನಿಯರಿಗೂ, ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳಿಗೂ ನಮ್ಮದೊಂದು ಅರಿಕೆ. ಆಟಿಕೆಯನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಯಾರ ಮುಖವಿದೆಯೆಂದು ನೋಡಬೇಡಿರಿ; ಒಳಗಿರುವ ವಸ್ತುವು ಮಗುವಿನ ಕೈಗೂ ಬುದ್ಧಿಗೂ ಏನು ಕೆಲಸ ಕೊಡುವುದೆಂದು ನೋಡಿರಿ. ಸೇತುವೆ ಕಟ್ಟಬಯಸುವ ಮಗಳಿಗೆ ತಿರುಪುಳಿಯನ್ನು ಕೊಡಿರಿ. ತರಗತಿಯಲ್ಲಿ ನಾವು ಕಲಿಸುವ ಗಣಿತಕ್ಕೂ ವಿಜ್ಞಾನಕ್ಕೂ ಮನೆಯಲ್ಲಿಯೇ ಅಸ್ತಿವಾರ ಬಿದ್ದಂತಾಗುವುದು.