ಸಾಮಿಲ್ಲಿನ ಬ್ಲೇಡೂ ನಮ್ಮವರ ಬೆರಳೂ

ಪಟ್ಟಿ ಕಟ್ಟಿದ ಕೈಗೆ ವುಳೂ ಮಾಡುವುದು ಹೇಗೆ ಅಂತ ಕೇಳಿಕೊಂಡು ಬರುವವರಲ್ಲಿ ಸಾಮಿಲ್ಲಿನ ಕೆಲಸದವರು ಯಾವಾಗಲೂ ಇರುತ್ತಾರೆ. ಗಾಯವಿಲ್ಲದ ಭಾಗ ತೊಳೆಯಬೇಕು, ಪಟ್ಟಿಯ ಮೇಲೆ ಒದ್ದೆ ಕೈಯಿಂದ ಸವರಬೇಕು, ಮುಚ್ಚಿದ ಭಾಗಕ್ಕಾಗಿ ತಯಮ್ಮುಮ್ ಮಾಡಬೇಕು. ಬೆರಳೇ ಹೋಗಿದ್ದರೆ ಉಳಿದಷ್ಟು ತೊಳೆದರಾಯಿತು. ಮಸ್‌ಅಲ ಅಷ್ಟೇ. ಆದರೆ ಬೆರಳು ಹೋದದ್ದು ಹೇಗೆ ಅಂತ ಕೇಳಿದರೆ ಬರುವ ಉತ್ತರ ಒಂದೇ: "ಅಲ್ಲಾಹನ ವಿಧಿ ಉಸ್ತಾದರೇ."

ವಿಧಿಯಲ್ಲಿ ವಿಶ್ವಾಸ ಈಮಾನಿನ ಭಾಗ, ಅದರಲ್ಲಿ ಸಂಶಯವಿಲ್ಲ. ಆದರೆ ಒಂಟೆಯನ್ನು ಕಟ್ಟಿ ಹಾಕಿದ ನಂತರ ತವಕ್ಕುಲ್ ಮಾಡಲು ಕಲಿಸಿದ ದೀನ್ ನಮ್ಮದು. ಬ್ಲೇಡಿನ ಗಾರ್ಡ್ ಬಿಚ್ಚಿ ಮೂಲೆಗೆ ಇಟ್ಟದ್ದು ಮನುಷ್ಯನ ಕೈ.

ಮರದ ಕೆಲಸ ನಮ್ಮ ಸಮುದಾಯಕ್ಕೆ ಹೊಸತಲ್ಲ. ಕೆಲವು ಮನೆಗಳಲ್ಲಿ ಬಾಪಾ, ಮಗ ಇಬ್ಬರೂ ಅದರಲ್ಲೇ ಇದ್ದಾರೆ. ಹಾಗಾಗಿ ಮಿಷನಿನ ಮೇಲೆ ಭಯ ಹೋಗಿದೆ. ಬ್ಯಾಂಡ್ ಸಾ ಮಿಷನ್ ನೋಡಿ: ಎರಡು ದೊಡ್ಡ ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಓಡುತ್ತದೆ. ಸ್ವಿಚ್ ಬಂದ್ ಮಾಡಿದರೂ ಭಾರದ ಚಕ್ರ ಕೂಡಲೇ ನಿಲ್ಲುವುದಿಲ್ಲ. ಮೋಟಾರಿನ ಶಬ್ದ ನಿಂತಿತು ಅಂತ ಹೊಟ್ಟು ತೆಗೆಯಲು ಕೈ ಹಾಕಿದರೆ ಬ್ಲೇಡು ಇನ್ನೂ ತಿರುಗುತ್ತಾ ಇರುತ್ತದೆ. ಕಿವಿಯನ್ನು ನಂಬುವುದು ಬೇಡ, ಚಕ್ರವನ್ನು ಕಣ್ಣಿನಿಂದ ನೋಡಿ.

ಕರೆಂಟ್ ಹೋದಾಗ ಇನ್ನೊಂದು ಅಪಾಯ. ನಮ್ಮ ಮೆಸ್ಕಾಂ ಕರೆಂಟ್ ಹೇಳಿ ಹೋಗುವುದಿಲ್ಲ, ಹೇಳಿ ಬರುವುದೂ ಇಲ್ಲ. ಹೋದ ಹೊತ್ತಿನಲ್ಲಿ ಸಿಕ್ಕಿಕೊಂಡ ಮರದ ತುಂಡು ಎಳೆಯಲು ಹೋದವನ ಕೈ ಒಳಗಿರುವಾಗಲೇ ಕರೆಂಟ್ ಬಂದರೆ? ಸರಿಯಾದ ಸ್ಟಾರ್ಟರ್ ಇದ್ದರೆ ಮತ್ತೆ ಬಟನ್ ಒತ್ತದೆ ಮಿಷನ್ ಹೊರಡುವುದಿಲ್ಲ. ಬರೀ ಮೇನ್ ಸ್ವಿಚ್ಚಿನಲ್ಲಿ ಓಡುವ ಹಳೆಯ ಮಿಷನ್ ತಾನಾಗಿಯೇ ಶುರುವಾಗುತ್ತದೆ. ಆದ್ದರಿಂದ ಮೊದಲು ಮೇನ್ ಆಫ್, ಫ್ಯೂಸ್ ಕಿತ್ತು ರಿಪೇರಿ ಮಾಡುವವನ ಕಿಸೆಯಲ್ಲಿ. ಸ್ವಿಚ್ ಬಾಕ್ಸಿಗೆ ಬೀಗ ಹಾಕುವ ವ್ಯವಸ್ಥೆ ಇದ್ದರೆ ಕೀಲಿಕೈ ಕೂಡ ಅವನಲ್ಲೇ ಇರಲಿ, ಮೇಸ್ತ್ರಿಯಲ್ಲಿ ಅಲ್ಲ.

ವೃತ್ತಾಕಾರದ ಬ್ಲೇಡಿನಲ್ಲಿ ಮರ ಬ್ಲೇಡನ್ನು ಕಚ್ಚಿ ಹಿಂದಕ್ಕೆ ಎಗರುತ್ತದೆ, ಎದುರು ನಿಂತವನ ಹೊಟ್ಟೆಗೇ ಬಡಿಯುತ್ತದೆ. ಅದಕ್ಕೇ ಬ್ಲೇಡಿನ ಹಿಂದೆ ಸೀಳಿದ ಮರವನ್ನು ಅಗಲಿಸಿ ಹಿಡಿಯುವ ತಗಡು ಇರುತ್ತದೆ. ಅದನ್ನು ತೆಗೆಯಬಾರದು, ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಕೊನೆಯ ಗೇಣು ಮರವನ್ನು ಕೈಯಿಂದ ನೂಕುವ ಬದಲು ಕೋಲಿನಿಂದ ನೂಕಬೇಕು. ಗ್ಲೌಸ್ ಹಾಕಿದರೆ ರಕ್ಷಣೆ ಅಂತ ಹಲವರ ಲೆಕ್ಕ. ಮರ ಹೊರುವಾಗ ಸರಿ. ತಿರುಗುವ ಬ್ಲೇಡಿನ ಹತ್ತಿರ ಗ್ಲೌಸ್ ಸಿಕ್ಕಿದರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಲುಂಗಿ, ಸಡಿಲ ಜುಬ್ಬಾ, ಕುತ್ತಿಗೆಯ ಶಾಲು, ಬೆರಳಿನ ಉಂಗುರ ಎಲ್ಲದಕ್ಕೂ ಇದೇ ಮಾತು. ಗಲ್ಫಿನಲ್ಲಿ ಸೇಫ್ಟಿ ಶೂ ಹಾಕದೆ ಗೇಟಿನ ಒಳಗೆ ಹೋಗದಿದ್ದ ನಮ್ಮ ಹುಡುಗರು ಊರಿಗೆ ಬಂದ ಕೂಡಲೇ ಹವಾಯಿ ಚಪ್ಪಲಿಯಲ್ಲಿ ಮಿಲ್ಲಿಗೆ ಹೋಗುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

ರಮಳಾನಿನಲ್ಲಿ ವಿಶೇಷ ಜಾಗ್ರತೆ ಬೇಕು. ತರಾವೀಹ್, ಅತ್ತಾಳ ಮುಗಿಸಿ ನಿದ್ದೆ ಕಡಿಮೆಯಾದವನು ಅಸರ್ ಹೊತ್ತಿಗೆ ಬ್ಲೇಡಿನ ಮುಂದೆ ತೂಕಡಿಸುತ್ತಾನೆ. ಮಾಲಕರು ಕೊಯ್ಯುವ ಕೆಲಸ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನದ ನಂತರ ಅಟ್ಟಿ ಹಾಕುವ ಕೆಲಸ ಕೊಡಲಿ. ರಜೆಯಲ್ಲಿ "ಸುಮ್ಮನೆ ಕೂರುವುದು ಬೇಡ" ಅಂತ ಮದ್ರಸದ ಮಕ್ಕಳನ್ನು ಮಿಲ್ಲಿಗೆ ಕಳಿಸುವ ಬಾಪಾಂದಿರಿಗೂ ಒಂದು ಮಾತು: 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಸ್ವಂತ ಮಿಲ್ಲು ಅನ್ನುವ ನೆಪ ಅಪಾಯದ ಕೆಲಸಕ್ಕೆ ನಡೆಯುವುದಿಲ್ಲ.

ಫಿಕ್‌ಹಿನಲ್ಲಿ ಒಂದು ಬೆರಳಿನ ದಿಯತ್ ಹತ್ತು ಒಂಟೆ. ಹೆಬ್ಬೆರಳಾಗಲಿ ಕಿರುಬೆರಳಾಗಲಿ ಸಮಾನ. ನಮ್ಮ ದೇಶದ ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿ ಬೇರೆ ಲೆಕ್ಕ ಹಾಕುತ್ತದೆ: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ಕಿರುಬೆರಳಿಗೆ 7, ಒಂದು ಕೈಯ ನಾಲ್ಕು ಬೆರಳು ಹೋದರೆ 50. ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಉಂಟು. ಗಾರ್ಡನ್ನು ಕೆಲಸಗಾರ ಬೇಕೆಂದೇ ತೆಗೆದಿದ್ದ ಅಂತ ಸಾಬೀತಾದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಹೊರತು ಪರಿಹಾರ ಸಿಗುವುದಿಲ್ಲ. ಬೇಗ ಕೆಲಸ ಮುಗಿಸಲು ಗಾರ್ಡ್ ತೆಗೆಸಿದ್ದು ಮಾಲಕರೇ ಆದರೂ ಬಿಚ್ಚಿದ ಕೈ ಯಾರದು ಎಂಬ ಪ್ರಶ್ನೆ ಬರುತ್ತದೆ. ತೆಗೆಯಲು ಹೇಳಿದರೆ ನಾಲ್ಕು ಜನರ ಎದುರು "ಆಗುವುದಿಲ್ಲ" ಅನ್ನಿ.

ಬೆರಳು ತುಂಡಾದರೆ ಕಾಫಿ ಪುಡಿ, ಅರಸಿನ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ತುಸು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಐಸ್ ನೇರ ತಾಗಿದರೆ ಬೆರಳು ಕೆಡುತ್ತದೆ. ಬೆರಳು ಜೋಡಿಸುವ ಸರ್ಜನ್ ಇರುವ ಆಸ್ಪತ್ರೆಗೇ ನೇರ ಹೋಗಿ, ಹೊರಡುವ ಮೊದಲೇ ಫೋನ್ ಮಾಡಿ.

ಮನೆಯ ಹೆಂಗಸರಲ್ಲಿ ಒಂದು ವಿನಂತಿ. ಗಂಡನೋ ಮಗನೋ ಕೆಲಸ ಮಾಡುವಲ್ಲಿ 10 ಅಥವಾ ಹೆಚ್ಚು ಮಂದಿ ಇದ್ದು, ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ ಇರಬೇಕು. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ, ಮನೆಯಲ್ಲಿ ಕೂರಬೇಕಾದ ದಿನಗಳಿಗೆ ಸಂಬಳದ ಸುಮಾರು ಶೇ. 90 ಅದರಿಂದ ಸಿಗುತ್ತದೆ. ಇಎಸ್‌ಐ ನಂಬರ್ ಕೇಳಿ, ರೇಷನ್ ಕಾರ್ಡಿನ ಜೊತೆಯಲ್ಲೇ ಬರೆದಿಡಿ.