ಅವೆನ್ಯೂ ರಸ್ತೆಯಲ್ಲಿ ಏಳನೇ ಕ್ಲಾಸು

ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಅವೆನ್ಯೂ ರಸ್ತೆಗೆ ತಿರುಗಿ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಕೂಗು ಶುರು. ‘ಯಾವ ಬುಕ್ಕು ಬೇಕಿತ್ತು ಸಾರ್? ಸಿಬಿಎಸ್‌ಇನಾ, ಸ್ಟೇಟಾ, ಇಂಜಿನಿಯರಿಂಗಾ?’ ಉತ್ತರ ಹೇಳುವ ಮೊದಲೇ ಮುಂದಿನ ಅಂಗಡಿಯವನು ಅದೇ ಪ್ರಶ್ನೆ ಎಸೆಯುತ್ತಾನೆ. ಇದು ಹಳೆಯ ದೊಡ್ಡಪೇಟೆ. ಇಲ್ಲಿಂದ ಕೆಳಗೆ ಚಿಕ್ಕಪೇಟೆ ಬಂದು ಕೂಡುವ ಚೌಕದಲ್ಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರಿನ ಗೆರೆ ಎಳೆಸಿದರಂತೆ. ಈಗ ಆ ಗೆರೆಯ ಮೇಲೆ ಆಟೋ, ತಳ್ಳುಗಾಡಿ, ಲಗ್ನಪತ್ರಿಕೆಯ ಬಂಡಲು ಹೊತ್ತವರು, ಎರಡೂ ಬದಿಗೆ ಎದೆಮಟ್ಟದ ಪುಸ್ತಕದ ರಾಶಿ.

ನಾನು ಬಂದದ್ದು ಪರಿಚಯದ ಒಬ್ಬ ತಾಯಿ, ಅವರ ಹನ್ನೆರಡು ವರ್ಷದ ಮಗಳ ಜೊತೆ. ಹುಡುಗಿ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾಳೆ. ಮುಂದಿನ ವರ್ಷಕ್ಕೆ ಪುಸ್ತಕ ಆರಿಸಬೇಕು. ಮೊದಲ ಅಂಗಡಿಯಲ್ಲೇ ವಿಚಾರಣೆ ಆಯಿತು.

‘ಯಾವ ಸ್ಕೂಲಮ್ಮ? ಲಿಸ್ಟ್ ಕೊಡಿ.’

‘ಸ್ಕೂಲ್ ಇಲ್ಲ ಅಣ್ಣ. ಮನೇಲೇ ಓದ್ತಾಳೆ.’

ಅಂಗಡಿಯವರು ಹುಡುಗಿಯನ್ನು ಒಮ್ಮೆ ನೋಡಿ, ‘ಓ, ಓಪನ್ ಸ್ಕೂಲಾ?’ ಎಂದು ತಾವೇ ಸಮಾಧಾನ ಮಾಡಿಕೊಂಡರು.

ಅವರ ಊಹೆ ತೀರ ತಪ್ಪಲ್ಲ, ಬೇಗನೆ ಬಂದಿತು ಅಷ್ಟೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೇ ತರಗತಿ ಕಟ್ಟಲು 14 ವರ್ಷ ತುಂಬಿರಬೇಕು. ಎಂಟನೇ ತರಗತಿಗೆ ಸಮ ಎನಿಸುವ ‘ಸಿ’ ಹಂತವೊಂದಿದೆ, ಬೇಕಾದವರು ಬರೆಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆಯೇ ಹೊರತು ಮನೆಯಲ್ಲಿ ಕಲಿಸುವವರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಆರು, ಏಳು, ಎಂಟನೇ ಕ್ಲಾಸಿನ ವಯಸ್ಸು ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ವಿಚಿತ್ರ ಸ್ವಾತಂತ್ರ್ಯದ ಕಾಲ. ಐದರವರೆಗೆ ಕಥೆ ಪುಸ್ತಕ, ಅಡುಗೆಮನೆಯ ಅಳತೆ, ಅಂಗಡಿ ಲೆಕ್ಕದಲ್ಲೇ ನಡೆದುಹೋಗುತ್ತದೆ. ಒಂಬತ್ತಕ್ಕೆ ಬಂದರೆ ಪರೀಕ್ಷೆಯೇ ಪುಸ್ತಕ ಆರಿಸಿಬಿಡುತ್ತದೆ. ನಡುವಿನ ಈ ಮೂರು ವರ್ಷ ಮಾತ್ರ ಆಯ್ಕೆ ಪೂರ್ತಿ ತಂದೆತಾಯಿಯದು. ಅದಕ್ಕೇ ಹೆಚ್ಚು ದುಡ್ಡು ಪೋಲಾಗುವುದೂ ಈಗಲೇ.

ಎನ್‌ಸಿಇಆರ್‌ಟಿ ರಾಶಿಗೆ ಬಂದೆವು. ಇಲ್ಲಿ ಹಳೆಯದೂ ಹೊಸದೂ ಕಲಸಿಹೋಗಿವೆ. ಆರನೇ ತರಗತಿಯ ಪುಸ್ತಕಗಳು 2024ರಲ್ಲಿ ಬದಲಾದವು, ಏಳು ಮತ್ತು ಎಂಟು 2025ರಲ್ಲಿ. ಹೊಸ ವಿಜ್ಞಾನದ ಹೆಸರು ‘ಕ್ಯೂರಿಯಾಸಿಟಿ’, ಗಣಿತದ್ದು ‘ಗಣಿತ ಪ್ರಕಾಶ್’. ಹೊಸ ಪುಸ್ತಕದ ಬೆಲೆಯೇ ಕಡಿಮೆ, ಪಿಡಿಎಫ್ ಅಂತೂ ಪುಕ್ಕಟೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಹಾಗೇ ಇಳಿಸಿಕೊಳ್ಳಲು ಸಿಗುತ್ತವೆ. ಹಾಗಿದ್ದರೆ ಇಲ್ಲಿ ಸೆಕೆಂಡ್‌ಹ್ಯಾಂಡ್ ಯಾಕೆ ಹುಡುಕಬೇಕು? ಉಳಿತಾಯಕ್ಕಲ್ಲ. ಅಂಗಡಿಯಲ್ಲಿ ಈಗ ಸಿಗದ ಹಳೆಯ ಆವೃತ್ತಿ ಇಲ್ಲಿ ಸಿಗುತ್ತದೆ ಎಂಬುದಕ್ಕೆ. ಒಂದೇ ಪಾಠವನ್ನು ಎರಡು ಪುಸ್ತಕ ಎರಡು ದಾರಿಯಿಂದ ಹೇಳುವಾಗ ಮಗುವಿಗೆ ಎಲ್ಲಿ ತಾಗುತ್ತದೋ ಗೊತ್ತಾಗುವುದಿಲ್ಲ.

ಅಮ್ಮ ಒಂದು ಪರೀಕ್ಷೆ ಇಟ್ಟುಕೊಂಡಿದ್ದಾರೆ. ಇಡೀ ಪುಸ್ತಕ ತಿರುವಿ ಹಾಕುವುದಿಲ್ಲ. ಒಂದೇ ಪಾಠ ತೆಗೆದು ಮೂರು ಪುಸ್ತಕದಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಂದು ಬೆಳಕಿನ ಪಾಠ. ಅಂಗಡಿಯವರು ಮೊದಲು ಕೊಟ್ಟದ್ದು ದಪ್ಪನೆಯ ಗೈಡು. ಅದರಲ್ಲಿ ‘ಪಿನ್‌ಹೋಲ್ ಕ್ಯಾಮೆರಾ ಎಂದರೇನು?’ ಎಂಬ ಪ್ರಶ್ನೆ, ಕೆಳಗೆ ಮೂರು ಸಾಲಿನ ಉತ್ತರ, ಬಾಣ ಎಳೆದ ಒಂದು ಚಿತ್ರ. ಎರಡನೆಯದು ಎನ್‌ಸಿಇಆರ್‌ಟಿಯ ಹಳೆಯ ಆರನೇ ಕ್ಲಾಸಿನದು. ಅದು ಎರಡು ರಟ್ಟಿನ ಪೆಟ್ಟಿಗೆ ತಗೋ ಎನ್ನುತ್ತದೆ. ಒಂದು ಇನ್ನೊಂದರೊಳಗೆ ಜಾರುವಂತಿರಲಿ, ಒಳಗಿನದರ ತುದಿಗೆ ಟ್ರೇಸಿಂಗ್ ಪೇಪರ್ ಅಂಟಿಸು, ಹೊರಗಿನದರ ಮುಖಕ್ಕೆ ಸಣ್ಣ ತೂತು ಮಾಡು, ಮರ ನೋಡು. ಮೂರನೆಯದು ಒಂದು ಖಾಸಗಿ ಪ್ರಕಾಶನದ ಬಣ್ಣಬಣ್ಣದ ಪುಸ್ತಕ. ಅದರಲ್ಲಿ ಪಿನ್‌ಹೋಲ್ ಕ್ಯಾಮೆರಾದ ಫೋಟೊ ಇತ್ತು, ಮಾಡುವ ವಿಧಾನಕ್ಕೆ ಕ್ಯೂಆರ್ ಕೋಡು. ‘ಫೋನು ಕೈಗೆ ಕೊಡದೆ ಇದನ್ನ ಓದಿಸೋಕಾಗಲ್ಲ’ ಎಂದು ಅಮ್ಮ ಅದನ್ನು ವಾಪಸಿಟ್ಟರು. ಹುಡುಗಿ ಅಷ್ಟರಲ್ಲಿ ಎರಡನೆಯದನ್ನು ಹಿಡಿದು, ಚಪ್ಪಲಿ ಡಬ್ಬ ಆಗುತ್ತಾ ಎಂದು ಕೇಳಿದಳು. ಆಯ್ಕೆ ಮುಗಿಯಿತು.

ಈ ಪುಸ್ತಕವನ್ನು ನಾನೂ ತೆಗೆದು ನೋಡಿದೆ. ಹಳೆಯ ಪುಸ್ತಕದಲ್ಲಿ ಓದಬೇಕಾದದ್ದು ಅಂಚುಗಳನ್ನು. ಯಾರೋ ಮಗು ಹಳದಿ ಹೈಲೈಟರಿನಲ್ಲಿ ವ್ಯಾಖ್ಯೆಗಳನ್ನಷ್ಟೇ ಬಳಿದಿತ್ತು. ಕೆಲವು ಕಡೆ ನಕ್ಷತ್ರ, ಪಕ್ಕದಲ್ಲಿ ‘ಇಂಪ್’. ಪೆಟ್ಟಿಗೆ ಮಾಡುವ ಚಟುವಟಿಕೆಯ ಮೇಲೆ ಪೆನ್ಸಿಲಿನಲ್ಲಿ ಉದ್ದಕ್ಕೆ ಗೀಟು, ಕೆಳಗೆ ‘ಎಕ್ಸಾಮಿಗೆ ಇಲ್ಲ’. ಇನ್ನೂ ಎರಡು ಪ್ರತಿ ಬಿಚ್ಚಿ ನೋಡಿದೆ. ಅವುಗಳಲ್ಲಿ ಮೊದಲ ಪಾಠಗಳ ಹಾಳೆ ಮೂಲೆ ಮಡಿಚಿ ನಲುಗಿದ್ದರೆ ಕೊನೆಯವು ಗರಿಗರಿಯಾಗಿದ್ದವು. ಹೋಮ್‌ಸ್ಕೂಲಿಂಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕೆ? ಆ ಗೀಟು ಬಿದ್ದ ಭಾಗ ಓದಿಸಲೆಂದೇ ಇವರು ಮಗುವನ್ನು ಮನೆಯಲ್ಲಿಟ್ಟುಕೊಂಡಿರುವುದು.

ಗಣಿತಕ್ಕೆ ಮಾತ್ರ ನಾನು ಸ್ವಲ್ಪ ಹಳೇ ಕಾಲದವನು. ಒಗಟು, ಆಟ ಎಲ್ಲ ಚೆನ್ನ, ಆದರೆ ಭಿನ್ನರಾಶಿ, ಋಣಸಂಖ್ಯೆ ಕೈಗೆ ಕೂರಲು ಲೆಕ್ಕ ಮಾಡಲೇಬೇಕು. ರಾಶಿಯಲ್ಲಿ ಆರ್.ಎಸ್. ಅಗರ್‌ವಾಲ್ ಇಟ್ಟಿಗೆಯಂತೆ ಬಿದ್ದಿರುತ್ತಾರೆ, ಒಂದೊಂದು ಅಭ್ಯಾಸದಲ್ಲೂ ಲೆಕ್ಕಗಳ ಸಾಲು. ಅಮ್ಮ ಅದನ್ನು ತಗೊಂಡರು, ಒಂದು ಷರತ್ತಿನ ಮೇಲೆ: ನಾಲ್ಕಕ್ಕೊಂದು ಲೆಕ್ಕ ಮಾಡಿದರೆ ಸಾಕು, ತಪ್ಪಾದರೆ ಮಾತ್ರ ಪಕ್ಕದ್ದು. ಕೊಳ್ಳುವ ಮುನ್ನ ಉತ್ತರಗಳ ಪುಟ ಹರಿದಿಲ್ಲವೇ ನೋಡಿ. ವರ್ಕ್‌ಬುಕ್ ಆದರೆ ಹಳೆಯದು ಬೇಡವೇ ಬೇಡ. ರಬ್ಬರಿನಲ್ಲಿ ಅಳಿಸಿದ್ದರೂ ಹಿಂದಿನವರ ಉತ್ತರ ಕಾಣುತ್ತದೆ, ಮಕ್ಕಳ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ಅಟ್ಲಾಸಿನ ಮುಂದೆ ಒಂದು ತಮಾಷೆ ನಡೆಯಿತು. ಹುಡುಗಿ ಪುಟ ತಿರುವಿ, ‘ಇದ್ರಲ್ಲಿ ತೆಲಂಗಾಣಾನೇ ಇಲ್ವಲ್ಲ’ ಎಂದಳು. ತೆಲಂಗಾಣ ಆದದ್ದು 2014ರಲ್ಲಿ, ಲಡಾಖ್ ಬೇರೆಯಾದದ್ದು 2019ರಲ್ಲಿ. ‘ಹಳೇ ಎಡಿಷನ್ನಮ್ಮ, ಅದಕ್ಕೇ ಇಪ್ಪತ್ತು ರೂಪಾಯಿ ಕಮ್ಮಿ ಮಾಡ್ತೀನಿ’ ಎಂದರು ಅಂಗಡಿಯವರು. ಆಂಧ್ರ ಒಡೆದದ್ದಕ್ಕೆ ರಿಯಾಯಿತಿ! ಅಟ್ಲಾಸ್ ಹೊಸದೇ ಕೊಳ್ಳಿ.

ಮುಂದೆ ನಡೆದರೆ ಪಠ್ಯವಲ್ಲದ ಪುಸ್ತಕಗಳ ಗುಡ್ಡೆ. ನನ್ನ ಮಟ್ಟಿಗೆ ಈ ರಸ್ತೆಯ ಅಸಲಿ ಮಾಲು ಇಲ್ಲಿದೆ, ಕೇಳುವವರೇ ಕಡಿಮೆ. ನಸೀಬಿದ್ದರೆ ಸೋವಿಯತ್ ಕಾಲದ ಮೀರ್ ಪ್ರಕಾಶನದ ಯಾಕೊವ್ ಪೆರೆಲ್ಮನ್ ಸಿಗುತ್ತಾನೆ. ಭೌತಶಾಸ್ತ್ರವನ್ನು ಒಗಟಿನಂತೆ ಹೇಳುವವರಲ್ಲಿ ಅವನನ್ನು ಮೀರಿಸಿದವರನ್ನು ನಾನು ಓದಿಲ್ಲ. ಕನ್ನಡದ್ದಾದರೆ ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಬಿಡಿ ಸಂಪುಟ. ಏಳೂ ಒಟ್ಟಿಗೆ ಸಿಕ್ಕವರು ಅದೃಷ್ಟವಂತರು. ಕಾರಂತರ ‘ವಿಜ್ಞಾನ ಪ್ರಪಂಚ’ವೂ ಅಪರೂಪಕ್ಕೆ ತಲೆಹಾಕುತ್ತದೆ. ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ಯ ಸಣ್ಣ ಜೀವನಚರಿತ್ರೆಗಳನ್ನಂತೂ ಮುಷ್ಟಿಯಲ್ಲಿ ಎತ್ತಬಹುದು, ಅವು ಇರುವುದೇ 510. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆ ಸಂಚಿಕೆ ಕಂಡರೆ ಬಿಡಬೇಡಿ.

ಕನ್ನಡದ ಮಾತು ಬಂದದ್ದರಿಂದ ಹೇಳುತ್ತೇನೆ. ಬೆಂಗಳೂರಿನ ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಕಲಿಕೆ ಬಹುಪಾಲು ಇಂಗ್ಲಿಷಿನಲ್ಲಿ. ಶಾಲೆಯಲ್ಲಾದರೂ ಕನ್ನಡದ ಒಂದು ಪಿರಿಯಡ್ಡು ಇರುತ್ತದೆ, ಮನೆಯಲ್ಲಿ ಅದು ಮೊದಲು ಬಿಟ್ಟುಹೋಗುತ್ತದೆ. ಅದಕ್ಕೆ ವ್ಯಾಕರಣದ ಪುಸ್ತಕ ತಂದಿಟ್ಟರೆ ಮಗು ದೂರ ಓಡುತ್ತದೆ. ಈ ವಯಸ್ಸಿಗೆ ತೇಜಸ್ವಿಯವರ ‘ಪರಿಸರದ ಕತೆ’ ಕೊಟ್ಟು ನೋಡಿ. ನಾಯಿ, ಹಾವು, ಮಾರ, ಪ್ಯಾರ ಎಂಬವರ ನಡುವೆ ಅದೇ ವಿಜ್ಞಾನ ಪಾಠವೂ ಆಗುತ್ತದೆ. ಅದನ್ನು ಇಲ್ಲಿ ಹುಡುಕುತ್ತಾ ಕೂರಬೇಡಿ, ಯಾವುದೇ ಕನ್ನಡ ಅಂಗಡಿಯಲ್ಲಿ ಹೊಸದೇ ಇರುತ್ತದೆ.

ಒಂದು ಅಂಗಡಿಯಲ್ಲಿ ಅಮೆರಿಕದಿಂದ ಬಂದ ಹೋಮ್‌ಸ್ಕೂಲ್ ಸೆಟ್ಟಿನ ಪುಸ್ತಕಗಳೂ ಕಂಡವು. ಯಾರೋ ಆಸೆಪಟ್ಟು ತರಿಸಿ ಅರ್ಧಕ್ಕೆ ಬಿಟ್ಟದ್ದಿರಬೇಕು. ಅಲ್ಲಿನ 50 ರಾಜ್ಯಗಳಲ್ಲೂ ಮನೆಯಲ್ಲಿ ಕಲಿಸುವುದು ಕಾನೂನುಬದ್ಧ, ಇಡೀ ವರ್ಷದ ಪುಸ್ತಕ, ಟೈಮ್‌ಟೇಬಲ್, ಪೋಷಕರ ಕೈಪಿಡಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಮಾರುವ ವ್ಯಾಪಾರವೂ ಜೋರು. ಬರವಣಿಗೆ ಕಲಿಸುವ ಕ್ರಮ ಅವರದು ಬಹಳ ಚೆನ್ನಾಗಿದೆ, ಅದನ್ನು ಮಾತ್ರ ತಗೊಳ್ಳಬಹುದು. ಇಂಚು, ಪೌಂಡು, ಡಾಲರಿನ ಲೆಕ್ಕ ಮತ್ತು ಹದಿಮೂರು ವಸಾಹತುಗಳ ಇತಿಹಾಸಕ್ಕೆ ಇಲ್ಲಿ ದುಡ್ಡು ಸುರಿಯುವುದು ಬೇಡ.

ಚಿಕ್ಕಪೇಟೆ ಚೌಕ ದಾಟಿ ಪೂರ್ವದ ಗಲ್ಲಿಗಳಲ್ಲಿ ನುಸುಳಿದರೆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಪುಸ್ತಕದ ಚೀಲ ಅಮ್ಮನ ಹೆಗಲಿಗೆ ಹೋಯಿತು, ಹುಡುಗಿ ಮುಂದೆ. ಮಾಮೂಲಿ ಮಲ್ಟಿಮೀಟರು, ಬ್ರೆಡ್‌ಬೋರ್ಡು, 9 ವೋಲ್ಟಿನ ಬ್ಯಾಟರಿ, ಒಂದು ಹಿಡಿ ಎಲ್‌ಇಡಿ, ಆಟಿಕೆಯ ಮೋಟಾರು, ರೆಸಿಸ್ಟರಿನ ಒಂದು ಪೊಟ್ಟಣ. ‘ಸೈನ್ಸ್ ಕಿಟ್’ ಎಂದು ಮಾಲ್‌ಗಳಲ್ಲಿ ಮಾರುವ ಹೊಳೆಯುವ ಡಬ್ಬದ ಬೆಲೆಗೆ ಇದೆಲ್ಲ ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ. ಡಬ್ಬದಲ್ಲಿ ಒಂದು ಎಲ್‌ಇಡಿ ಸುಟ್ಟರೆ ಆಟ ಮುಗಿಯಿತು, ಇಲ್ಲಿ ಸುಡಲೆಂದೇ ಹತ್ತು ಹೆಚ್ಚು ತಗೊಳ್ಳಬಹುದು. ರೆಸಿಸ್ಟರ್ ಹಾಕದೆ ಬ್ಯಾಟರಿಗೆ ಜೋಡಿಸಿದರೆ ಏನಾಗುತ್ತದೆ ಎಂದು ಹುಡುಗಿ ಕೇಳಿದಳು. ಕೌಂಟರಿನ ಹುಡುಗ ಮಾತಾಡದೆ ಒಂದನ್ನು ಜೋಡಿಸಿ ತೋರಿಸಿದ. ಕ್ಷಣ ಹೊತ್ತಿ ಕಪ್ಪಾಯಿತು. ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಹೋಗುವವರಿಗೆ: ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಎರಡೂ ರಸ್ತೆ ನಡೆದು ಹೋಗುವ ದೂರ, ಕಾರು ತರಬೇಡಿ. ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಆದರೆ ಫುಟ್‌ಪಾತಿನ ಮೇಲೆ ಹಾಸಿ ಮಾರುವವರು ಬೆಳಗ್ಗೆಯೇ ಬಂದಿರುತ್ತಾರೆ. ಪುಸ್ತಕ ಚೆನ್ನಾಗಿಟ್ಟುಕೊಂಡು ವಾಪಸ್ ತಂದರೆ ಎಷ್ಟಕ್ಕೆ ತಗೊಳ್ತೀರಿ ಎಂದು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಶಾಲೆಗಳು ತೆರೆಯುವ ಜೂನಿನಲ್ಲಿ ಇಲ್ಲಿ ಕಾಲಿಡಲು ಜಾಗವಿಲ್ಲ, ಚೌಕಾಸಿಗೆ ಯಾರೂ ಬಗ್ಗುವುದಿಲ್ಲ. ಮನೆಯಲ್ಲಿ ಕಲಿಯುವವರಿಗೆ ಜೂನಿನ ಹಂಗಿಲ್ಲವಲ್ಲ, ಆಗಸ್ಟಿನಲ್ಲಿ ಹೋಗಿ. ಅಂಗಡಿಯವರು ಸ್ಟೂಲು ಕೊಟ್ಟು ಕೂರಿಸುತ್ತಾರೆ.